ಪಾಪು ನಾಟಕ ಮಾಡ್ತಿಲ್ಲ ಸುಮಾ

ಸುಮಾ,

ಅಷ್ಟುದ್ದ ಬರ್ದಿದ್ದೀಯ, ಹೊಸ ಮನೆ ಬಾಡಿಗೆ, ನಿಮ್ಮತ್ತೆ ಮುನಿಸು, ಎಲ್ಲಾ ಓದ್ದೆ, ಆದ್ರೆ ಅದ್ಯಾವ್ದೂ ತಲೇಲಿ ನಿಲ್ತಿಲ್ಲ. ಕೊನೇಲಿ ಒಂದು ಸಾಲು ಹಾಕಿದ್ದೀಯಲ್ಲ, ದಡಾರ ವಾಸಿಯಾದ್ಮೇಲೆ ಪಾಪು ದೀಪ ಹಚ್ಚೋ ಹೊತ್ತಿಗೆ ಅಂಗಳಕ್ಕೆ ಇಳಿಯಲ್ಲ, ಚಪ್ಪಲಿ ಕಾಲ ಮುಂದೆ ಇದ್ರೂ ತಡಕಾಡ್ತಾನೆ, ಎತ್ಕೊಳ್ಲಿ ಅಂತ ನಾಟಕ ಅಂತ. ರಾತ್ರಿಯೆಲ್ಲಾ ಅದೇ ಕೊರೀತಿತ್ತು. ನಾಟಕ ಆಗಿದ್ರೆ ಹಗಲೂ ಮಾಡ್ತಿದ್ದ ಕಣೇ, ಮುಸ್ಸಂಜೆಗೆ ಮಾತ್ರ ಯಾಕೆ?

ನಿನ್ನ ಚಿಕ್ಕಮಾಮನಿಗೆ ಚಿಕ್ಕೋನಿದ್ದಾಗ ದಡಾರ ಬಂದು ಕಣ್ಣು ಹೋದ ಕಥೆ ಗೊತ್ತಿರೋದೇ, ಮತ್ತೆ ಹೇಳಲ್ಲ. ಆದ್ರೆ ಕಪ್ಪುಗುಡ್ಡೆ ಮೇಲೆ ಹೂವು ಬಿದ್ದು ಬೆಳ್ಳಗಾಗೋಕೆ ಮುಂಚೆ ಹೆಂಗಿದ್ದ ಅನ್ನೋದನ್ನ ಯಾರೂ ನಿಂಗೆ ಹೇಳಿರಲ್ಲ. ಹಿಂಗೇ. ಸಂಜೆ ಆದ್ರೆ ಗೋಡೆ ಹಿಡ್ಕೊಂಡು ಹೊಸಲು ದಾಟೋನು, ತಟ್ಟೇಲಿ ಮುದ್ದೆ ಎಲ್ಲಿದೆ ಅಂತ ಬೆರಳಾಡಿಸಿ ಹುಡುಕೋನು. ಬಿಳಿಗುಡ್ಡೆ ಮೇಲೆ ಕಿವಿ ಕಡೆಗೆ ಸೋಪಿನ ನೊರೆ ಒಣಗಿದಂಗೆ ಒಂದು ಚುಕ್ಕೆ, ಅವ್ವ ಸೆರಗಲ್ಲಿ ಒರೆಸಿದ್ರೂ ಮತ್ತೆ ಬರೋದು. ಅದು ಬಿಟಾಟ್ ಚುಕ್ಕೆ, ವಿಟಮಿನ್ ಎ ಕಮ್ಮಿಯಾದಾಗ ಬರುತ್ತೆ ಅಂತ ನಂಗೆ ತಿಳಿದಿದ್ದು ಎಷ್ಟೋ ವರ್ಷ ಆದ್ಮೇಲೆ, ಅಂಗನವಾಡಿ ಟ್ರೈನಿಂಗಲ್ಲಿ.

ಅವನಿಗೆ ದಡಾರ ಬಂದಾಗ ಮನೇಲಿ ದೇವಿ ಅಮ್ಮ ಬಂದಿದ್ದಾಳೆ ಅಂತ ಒಗ್ಗರಣೆ ನಿಲ್ಸಿದ್ರು, ಎಣ್ಣೆ ಇಲ್ಲ, ತುಪ್ಪ ಇಲ್ಲ, ಮೊಟ್ಟೆ ಇಲ್ಲ, ಬರೀ ಗಂಜಿ. ದಡಾರ ಬಂದ್ರೆ ಮೈಯಲ್ಲಿರೋ ವಿಟಮಿನ್ ಎ ಖಾಲಿಯಾಗ್ತಾ ಹೋಗುತ್ತೆ, ಅದು ಮೈಗೆ ಹತ್ತೋಕೆ ಜಿಡ್ಡು ಬೇಕು, ನಮ್ಮನೇಲಿ ಆ ಜಿಡ್ಡನ್ನೇ ತೆಗೆದಿದ್ರು. 1970ರಲ್ಲೇ ಸರ್ಕಾರ ಮಕ್ಕಳಿಗೆ ಆರು ತಿಂಗಳಿಗೊಂದ್ಸಲ ವಿಟಮಿನ್ ಎ ಕುಡಿಸೋಕೆ ಶುರು ಮಾಡಿತ್ತು, ನಮ್ಮ ಬಾಗಿಲಿಗೆ ಮಾತ್ರ ಬರ್ಲಿಲ್ಲ. ಒಂದು ಸಣ್ಣ ಚಮಚ ಔಷಧಿ ಸುಮಾ. ಅವ್ವ ಸಾಯೋ ತನಕ ದೇವಿ ಶಾಪ ಅಂತಲೇ ಅಂದ್ಕೊಂಡಿದ್ಲು, ವಿಷಯ ತಿಳಿದ್ಮೇಲೂ ಅವಳಿಗೆ ಹೇಳೋಕೆ ನಂಗೆ ಬಾಯಿ ಬರ್ಲಿಲ್ಲ. ಹೇಳಿದ್ರೆ ಸಮಾಧಾನ ಆಗ್ತಿತ್ತೋ ಇನ್ನಷ್ಟು ಕೊರಗ್ತಿದ್ಲೋ, ಇವತ್ತಿಗೂ ಯೋಚಿಸ್ತೀನಿ.

ಹೆದರಿಸೋಕೆ ಬರೀತಿಲ್ಲ ಪುಟ್ಟಿ. ಮಬ್ಬು ಬೆಳಕಲ್ಲಿ ಕಣ್ಣು ಕಾಣೋದೇ ಈ ವಿಟಮಿನ್ನಿಂದ, ಅದಕ್ಕೇ ಕಮ್ಮಿಯಾದಾಗ ಮೊದಲು ಕೈಕೊಡೋದು ಸಂಜೆ ಹೊತ್ತು. ಈ ಹಂತದಲ್ಲಿ ಔಷಧಿ ಬಿದ್ರೆ ಕೆಲವೇ ದಿನದಲ್ಲಿ ಸರಿಹೋಗುತ್ತೆ, ಕಪ್ಪುಗುಡ್ಡೆ ಹುಣ್ಣಾಗಿ ಹೂವು ಬಿದ್ರೆ ಮಾತ್ರ ಹೋದ ದೃಷ್ಟಿ ಔಷಧಿಯಿಂದ ಬರಲ್ಲ, ದಡಾರ ಆದ ಮಗುವಿಗೆ ಅದು ಬೇಗ ಬೇಗ ಆಗಿಬಿಡಬಹುದು. ನಂಗಿರೋ ಭಯ ಅದೊಂದೇ.

ನಾಳೆ ಬೆಳಿಗ್ಗೇನೇ ಮಗೂನ ಸರ್ಕಾರಿ ಆಸ್ಪತ್ರೆಗೆ ಕರ್ಕೊಂಡ್ಹೋಗು, ಕಣ್ಣಿನ ಡಾಕ್ಟರ್ ಇರೋ ಕಡೆ ಆದ್ರೆ ಒಳ್ಳೇದು. ದಡಾರ ಆದ ಮಕ್ಕಳಿಗೆ ಎರಡು ದಿನ ಸಾಲಾಗಿ ವಿಟಮಿನ್ ಎ ಕೊಡ್ಬೇಕು, ಒಂದು ವರ್ಷ ದಾಟಿದವರಿಗೆ ಒಂದೊಂದ್ಸಲ 2 ಲಕ್ಷ ಯೂನಿಟ್, ಕಣ್ಣಿಗೆ ತೊಂದ್ರೆ ಬಂದಿದ್ರೆ ಎರಡರಿಂದ ನಾಲ್ಕು ವಾರ ಬಿಟ್ಟು ಇನ್ನೊಂದು. ಕೊಟ್ಟಿದ್ರಾ ಅಂತ ಬಾಯಿಬಿಟ್ಟು ಕೇಳು, ನಾಚ್ಕೋಬೇಡ. ತಾಯಿ ಕಾರ್ಡ್ ತಗೊಂಡ್ಹೋಗು, 9 ತಿಂಗಳಿಂದ ಯಾವ್ಯಾವ ಡೋಸ್ ಬಿದ್ದಿದೆ ಅಂತ ಅದ್ರಲ್ಲಿರುತ್ತೆ. ನೀನಾಗಿ ಮೆಡಿಕಲ್ ಶಾಪಿಂದ ತಂದು ಕುಡಿಸ್ಬೇಡ, ಇದು ಲಿವರಲ್ಲಿ ಕೂತ್ಕೊಳ್ಳುತ್ತೆ, ಜಾಸ್ತಿಯಾದ್ರೂ ತೊಂದ್ರೆ. ಕಣ್ಣಿಗೆ ಹರಳೆಣ್ಣೆ, ಎದೆಹಾಲು ಅಂತ ಯಾರಾದ್ರೂ ಹೇಳಿದ್ರೆ ಬೇಡ ಅನ್ನು.

ಊಟದ ಮಾತು ನಿಂಗೆ ಹೇಳ್ಬೇಕಾ, ಆದ್ರೂ ಹೇಳ್ತೀನಿ, ಬೇಜಾರಾಗ್ಬೇಡ. ನುಗ್ಗೆಸೊಪ್ಪೋ ಹರಿವೆಸೊಪ್ಪೋ ಎಣ್ಣೆ ಹಾಕಿ ಪಲ್ಯ ಮಾಡು, ಪಪ್ಪಾಯಿ ಉಷ್ಣ ಅಂತ ನಿಮ್ಮತ್ತೆ ತಡೆದ್ರೆ ಮೊಟ್ಟೇನಾದ್ರೂ ಕೊಡು. ಇದೆಲ್ಲಾ ಆಮೇಲಿನ ಮಾತು, ಸೊಪ್ಪು ತಿನ್ನಿಸಿ ನೋಡೋಣ ಅಂತ ಆಸ್ಪತ್ರೆ ಮುಂದಕ್ಕೆ ಹಾಕ್ಬೇಡ. ಅಲ್ಲೀತನಕ ಸಂಜೆ ಅವನನ್ನ ಬೈಬೇಡ, ಎತ್ಕೋ.

ಡಾಕ್ಟರ್ ಏನಂದ್ರು ಅಂತ ಮನೆಗೆ ಬಂದು ಬರೀತಾ ಕೂರ್ಬೇಡ, ಅಲ್ಲಿಂದಲೇ ಫೋನ್ ಮಾಡು.

ನಿನ್ನ ದೊಡ್ಡಮ್ಮ