ದೂರು: ಮಗುವಿಗೆಂದು ಹೇಳಿದ ಚೈನೀಸ್ ಊಟವನ್ನು ಬೇರೆಯಾಗಿ ಮಾಡದಿರುವ ಬಗ್ಗೆ

ಇವರಿಗೆ,
ವ್ಯವಸ್ಥಾಪಕರು, ಗ್ರಾಹಕ ಸೇವೆ ಮತ್ತು ಅಡುಗೆ ವಿಭಾಗ
ಚೈನೀಸ್ ರೆಸ್ಟೋರೆಂಟ್ ಸರಣಿ, ಬೆಂಗಳೂರು

ವಿಷಯ: ಐದು ವರ್ಷದೊಳಗಿನ ಮಕ್ಕಳ ಆರ್ಡರ್‌ಗಳಲ್ಲಿ ಖಾರ, ಬಿಸಿ, ಉಪ್ಪಿನ ತೊಂದರೆ

ಮಾನ್ಯರೇ,

ನಿಮ್ಮ ಯಾವ ಶಾಖೆಯಲ್ಲಾದರೂ ಮಗುವಿಗೆಂದು ನೂಡಲ್ಸ್ ಕೇಳಿದರೆ ಸಪ್ಲೈಯರ್ "ಖಾರ ಇಲ್ದಂಗೆ ಮಾಡಿಸ್ಕೊಡ್ತೀನಿ ಮೇಡಂ" ಅನ್ನುತ್ತಾರೆ, ಕೆಒಟಿಯಲ್ಲಿ, ಅಂದರೆ ಅಡುಗೆಮನೆಗೆ ಹೋಗುವ ಆರ್ಡರ್ ಚೀಟಿಯಲ್ಲಿ, ‘ಲೆಸ್ ಸ್ಪೈಸಿ’ ಅಂತ ಹಾಕುತ್ತಾರೆ. ಬರುವ ತಟ್ಟೆಯಲ್ಲಿ ಹಸಿಮೆಣಸಿನಕಾಯಿ ಚೂರು ಇದ್ದೇ ಇರುತ್ತದೆ. ವಾಪಸ್ ಕಳಿಸಿದರೆ ಚೂರು ಹೆಕ್ಕಿ ತೆಗೆದ ಅದೇ ನೂಡಲ್ಸ್ ಮತ್ತೆ ಬರುತ್ತದೆ. ಮಗು ಅದನ್ನು ಮುಟ್ಟುವುದಿಲ್ಲ, ಬಿಲ್ಲಿನಲ್ಲಿ ಮಾತ್ರ ಪೂರ್ತಿ ದರ ಬೀಳುತ್ತದೆ. ಇದು ಯಾವುದೋ ಒಂದು ರಶ್ ದಿನದ ಅಚಾತುರ್ಯವಲ್ಲ ಅನ್ನುವುದಕ್ಕೆ ಬೇರೆ ಬೇರೆ ಶಾಖೆಗಳ ಬಿಲ್ಲುಗಳನ್ನೂ ಫೋಟೋಗಳನ್ನೂ ಲಗತ್ತಿಸಿದ್ದೇವೆ.

ಸಪ್ಲೈಯರ್‌ಗಳ ಮೇಲೆ ನಮ್ಮ ದೂರಿಲ್ಲ. ಅವರು ಒಳ್ಳೆಯ ಮನಸ್ಸಿನಿಂದಲೇ ಒಪ್ಪಿಕೊಳ್ಳುತ್ತಾರೆ. ಆದರೆ ಹಾಗೆ ಒಪ್ಪಿಕೊಂಡದ್ದನ್ನು ಮಾಡಿಕೊಡುವ ಏರ್ಪಾಡೇ ನಿಮ್ಮ ಅಡುಗೆಮನೆಯಲ್ಲಿಲ್ಲ.

ಚೈನೀಸ್ ಮಾಸ್ಟರ್ ಕೈಯಳತೆಯಲ್ಲಿ ಇರುವ ಡಬ್ಬಗಳನ್ನು ದಯವಿಟ್ಟು ಒಮ್ಮೆ ಹೋಗಿ ನೋಡಿ. ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಮೂರನ್ನೂ ಬೆಳಿಗ್ಗೆಯೇ ಸಣ್ಣಗೆ ಕೊಚ್ಚಿ ಒಂದೇ ಡಬ್ಬದಲ್ಲಿ ತುಂಬಿಟ್ಟಿರುತ್ತಾರೆ. ಬಾಣಲೆ ಹೊಗೆಯಾಡಿದ ಕೂಡಲೇ ಎಣ್ಣೆ, ಅದರ ಬೆನ್ನಿಗೇ ಸೌಟಿನ ತುದಿಯಲ್ಲಿ ಆ ಕೊಚ್ಚು. ಚುಂಯ್ ಎನ್ನುವಷ್ಟರಲ್ಲಿ ಖಾರ ಎಣ್ಣೆಗೆ ಇಳಿದಾಯಿತು. ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಎಣ್ಣೆಯಲ್ಲಿ ಕರಗುತ್ತದೆ, ನೀರಿಗೆ ಜಗ್ಗುವುದಿಲ್ಲ. ಆ ಎಣ್ಣೆ ಒಂದೊಂದು ಎಳೆ ನೂಡಲ್ಸ್‌ಗೂ ಹತ್ತಿಕೊಂಡ ಮೇಲೆ ಚೂರು ಹೆಕ್ಕಿ ಏನೂ ಪ್ರಯೋಜನವಿಲ್ಲ. ಎರಡು ಆರ್ಡರ್‌ಗಳ ನಡುವೆ ಒಂದು ಸೌಟು ನೀರು ಹಾಕಿ ಬಾಣಲೆ ಉಜ್ಜಿ ಚೆಲ್ಲುವುದೂ ಅಷ್ಟೇ: ಹಿಂದಿನದು ಶೆಜ್ವಾನ್ ಫ್ರೈಡ್ ರೈಸ್ ಆಗಿದ್ದರೆ ಅದರ ಎಣ್ಣೆ ಬಾಣಲೆಯಲ್ಲೇ ಉಳಿದಿರುತ್ತದೆ. ಇನ್ನು ರೆಡ್ ಚಿಲ್ಲಿ ಸಾಸ್‌ಗೆ ಅದ್ದಿದ ಸೌಟೇ ಸೋಯಾ ಸಾಸ್‌ಗೂ ಹೋಗುತ್ತದೆ. ಹೀಗಾಗಿ ‘ಲೆಸ್ ಸ್ಪೈಸಿ’ ಅಂದರೆ ನಿಮ್ಮಲ್ಲಿ ಕೊನೆಗೆ ಹಾಕುವ ಒಂದು ಚಮಚ ಚಿಲ್ಲಿ ಸಾಸ್ ಬಿಟ್ಟರು ಎಂದಷ್ಟೇ ಅರ್ಥ. ಬಿಳಿ ಮೆಣಸಿನ ಪುಡಿಯನ್ನಂತೂ ಯಾರೂ ಖಾರದ ಲೆಕ್ಕಕ್ಕೇ ಹಿಡಿಯುವುದಿಲ್ಲ. ಎರಡು ವರ್ಷದ ಮಗುವಿನ ನಾಲಿಗೆಗೆ ಅದೂ ಖಾರವೇ.

ಇದನ್ನು ಸರಿಪಡಿಸಲು ದೊಡ್ಡ ಖರ್ಚೇನೂ ಇಲ್ಲ. ಮೆಣಸಿನಕಾಯಿ ಸೇರಿಸದ ಬರೀ ಬೆಳ್ಳುಳ್ಳಿಯ ಒಂದು ಚಿಕ್ಕ ಡಬ್ಬ, ಸೋಪು ಹಾಕಿ ತೊಳೆದ ಒಂದು ಸಣ್ಣ ಬಾಣಲೆ, ಬೇರೆ ಸೌಟು, ಹೊಸ ಎಣ್ಣೆ ಇಷ್ಟಿದ್ದರೆ ಸಾಕು. ಕೆಒಟಿಯಲ್ಲಿ ‘ಲೆಸ್ ಸ್ಪೈಸಿ’ ಎಂಬ ಮಾತನ್ನು ಮಕ್ಕಳ ಆರ್ಡರ್‌ಗೆ ಬಳಸಲೇಬೇಡಿ. ಅದರ ಬದಲು ‘ಮಗುವಿಗೆ’ ಎಂದು ಬರೆದು ವಯಸ್ಸು ಹಾಕಲಿ, ಹಸಿಮೆಣಸಿನಕಾಯಿ ಇಲ್ಲ, ಮೆಣಸಿನ ಪುಡಿ ಇಲ್ಲ, ಚಿಲ್ಲಿ ಸಾಸ್ ಇಲ್ಲ ಎಂದು ಬಿಡಿಬಿಡಿಯಾಗಿ ನಮೂದಿಸಲಿ. ಕಡಿಮೆ ಅಂದರೆ ಎಷ್ಟು ಎಂದು ಮಾಸ್ಟರ್ ಊಹಿಸಬೇಕು, ಇಲ್ಲ ಅಂದರೆ ಊಹಿಸುವ ಕೆಲಸವಿಲ್ಲ. ಪಾರ್ಸೆಲ್ ಆರ್ಡರ್‌ನಲ್ಲಿ ಆ್ಯಪ್ ಮೂಲಕ ಬರೆದ ಸೂಚನೆಯೂ ಹೀಗೆಯೇ ಕೆಒಟಿಯಲ್ಲಿ ಅಚ್ಚಾಗಬೇಕು.

ಸೂಪಿನ ವಿಷಯ ಇದಕ್ಕಿಂತ ಗಂಭೀರ. ದೊಡ್ಡವರ ಜೊತೆ ಮಗುವಿಗೂ ಆಗಲಿ ಎಂದು ಸ್ವೀಟ್ ಕಾರ್ನ್ ಸೂಪ್ ಬೈ ಟೂ ಹೇಳುವುದು ಬೆಂಗಳೂರಿನಲ್ಲಿ ಮಾಮೂಲು. ಕಾರ್ನ್‌ಫ್ಲೋರ್ ಹಾಕಿ ಗಟ್ಟಿಯಾದ ಸೂಪು ತಿಳಿಸಾರಿನ ಹಾಗೆ ಬೇಗ ಆರುವುದಿಲ್ಲ. ತೆಳು ದ್ರವದಲ್ಲಿ ಬಿಸಿ ಮೇಲೆ ಕೆಳಗೆ ಸುತ್ತುತ್ತಾ ಹೊರಹೋಗುತ್ತದೆ, ಗಟ್ಟಿ ಸೂಪಿನಲ್ಲಿ ಆ ಸುತ್ತಾಟವಿಲ್ಲ. ಮೇಲೆ ಕೆನೆಯಂಥ ಪದರ ಕಟ್ಟಿ, ಹಬೆ ನಿಂತು, ತಣಿದಂತೆ ಕಾಣುತ್ತದೆ. ಚಮಚ ಅದ್ದಿದರೆ ಒಳಗೆ ಸುಡುತ್ತಿರುತ್ತದೆ. ರಾಗಿಮುದ್ದೆ ಮುರಿದವರಿಗೆಲ್ಲ ಇದು ಗೊತ್ತಿರುವ ಸಂಗತಿಯೇ. ಮೈಮೇಲೆ ಚೆಲ್ಲಿದರೂ ಗಟ್ಟಿ ಸೂಪು ಹರಿದು ಹೋಗದೆ ಅಂಟಿಕೊಂಡೇ ಸುಡುತ್ತದೆ. ಮಕ್ಕಳ ಚರ್ಮ ತೆಳು, 60 ಡಿಗ್ರಿ ಬಿಸಿಗೆ ಕೆಲವೇ ಸೆಕೆಂಡಿನಲ್ಲಿ ಸುಟ್ಟುಹೋಗುತ್ತದೆ. ಇಂಥ ಸೂಪನ್ನು ಆಳವಾದ ಬೌಲಿನ ಕಂಠದವರೆಗೆ ತುಂಬಿ, ಹೈ ಚೇರಿನ ಪಕ್ಕದಿಂದ ಕೈ ಚಾಚಿ, ಮಗುವಿನ ತಲೆಯ ಮೇಲಿಂದ ದಾಟಿಸಿ ಇಡುತ್ತಾರೆ. ಇದು ಇಂದೇ ನಿಲ್ಲಬೇಕು. ಮಗುವಿನ ಪಾಲನ್ನು ಅಗಲ ಬೌಲಿನಲ್ಲಿ ಅರ್ಧದಷ್ಟೇ ಹಾಕಿ, ಮೇಜಿನ ಆಚೆ ಬದಿಯಿಂದ, ದೊಡ್ಡವರ ಕೈಗೆ ಕೊಡಬೇಕು. ಇನ್ನೊಂದು ಮಾತು: ಬಿಳಿ ಮೆಣಸನ್ನು ಸೂಪಿಗೆ ಹಾಕುವುದು ಕೊನೆಯಲ್ಲಿ. ಅದಕ್ಕೆ ಮೊದಲೇ ಮಗುವಿನ ಪಾಲು ತೆಗೆದಿಟ್ಟರೆ ಬೇರೆ ಸೂಪ್ ಮಾಡುವ ಅಗತ್ಯವೇ ಇರುವುದಿಲ್ಲ.

ಉಪ್ಪಿನ ಲೆಕ್ಕ ನಿಮ್ಮ ಮೆನು ಮಾಡುವವರಿಗೆ ಗೊತ್ತಿರಬೇಕು. ಒಂದು ದೊಡ್ಡ ಚಮಚ ಸೋಯಾ ಸಾಸ್‌ನಲ್ಲಿ ಸುಮಾರು 900 ಮಿಲಿಗ್ರಾಂ ಸೋಡಿಯಂ ಇರುತ್ತದೆ, ಅಂದರೆ ಎರಡು ಗ್ರಾಂಗೂ ಮೀರಿದ ಉಪ್ಪು. ಬ್ರಿಟನ್ನಿನ ಆರೋಗ್ಯ ಸೇವೆ 1ರಿಂದ 3 ವರ್ಷದ ಮಗುವಿಗೆ ಇಡೀ ದಿನಕ್ಕೆ ಹೇಳುವ ಮಿತಿಯೇ 2 ಗ್ರಾಂ. ನೂಡಲ್ಸ್ ಬೇಯಿಸುವ ನೀರಿನ ಉಪ್ಪು, ಸಾಸ್, ಅದರ ಮೇಲೆ ಮತ್ತೆ ಉಪ್ಪು ಮತ್ತು ಟೇಸ್ಟಿಂಗ್ ಪೌಡರ್ (ಅಜಿನೊಮೊಟೊ) ಸೇರಿದರೆ ಎಲ್ಲಿಗೆ ಹೋಗುತ್ತದೆ, ನೋಡಿ. ಟೇಸ್ಟಿಂಗ್ ಪೌಡರ್ ವಿಷ ಎಂದು ನಾವು ಹೇಳುತ್ತಿಲ್ಲ. ಅದರಲ್ಲಿ ಸೋಡಿಯಂ ಅಡುಗೆ ಉಪ್ಪಿನ ಮೂರನೇ ಒಂದು ಪಾಲು ಮಾತ್ರ. ಆದರೆ 12 ತಿಂಗಳೊಳಗಿನ ಕೂಸಿಗೆ ಬೇಡವೆಂದು ಪೊಟ್ಟಣಗಳ ಮೇಲೆ ಎಚ್ಚರಿಕೆ ಅಚ್ಚಾಗುತ್ತಿದ್ದ ವಸ್ತು ಅದು. ಮಗುವಿನ ತಟ್ಟೆಗೆ ಅದು ಬೇಕಿಲ್ಲ. ಕಾಲು ಚಮಚ ಸೋಯಾ ಸಾಕು, ಅದೂ ಒಂದು ವರ್ಷ ದಾಟಿದವರಿಗೆ.

ನಿಮ್ಮ ಮೆನುವಿನ ಕಿಡ್ಸ್ ಪುಟದಲ್ಲಿರುವುದು ಹನಿ ಚಿಲ್ಲಿ ಪೊಟ್ಯಾಟೊ, ಗೋಬಿ ಮಂಚೂರಿ, ಚಿಕನ್ ಲಾಲಿಪಾಪ್ ಮತ್ತು ಸ್ಪ್ರಿಂಗ್ ರೋಲ್. ದೊಡ್ಡವರ ಸ್ಟಾರ್ಟರ್‌ಗೇ ಇನ್ನಷ್ಟು ಸಿಹಿ ಬೆರೆಸಿದರೆ ಅದು ಮಕ್ಕಳ ಊಟವಾಗುವುದಿಲ್ಲ. ವರ್ಷ ತುಂಬದ ಮಗುವಿಗೆ ಜೇನುತುಪ್ಪವನ್ನು ಯಾವ ರೂಪದಲ್ಲೂ ಕೊಡಬಾರದು, ಬೊಟುಲಿಸಮ್ ಎಂಬ, ಬ್ಯಾಕ್ಟೀರಿಯಾದ ವಿಷದಿಂದ ಬರುವ ಗಂಭೀರ ಕಾಯಿಲೆಯ ಅಪಾಯವಿದೆ. ಬೇಯಿಸಿದರೂ ಆ ಬ್ಯಾಕ್ಟೀರಿಯಾದ ಬೀಜಕಣ ಸಾಯುವುದಿಲ್ಲ. ಆ ತಿನಿಸಿನ ಪಕ್ಕದಲ್ಲಿ ಒಂದು ಸಾಲಿನ ಎಚ್ಚರಿಕೆಯೂ ಇಲ್ಲ. ಗೋಬಿ ಮಂಚೂರಿಯ ಬಗ್ಗೆ ಇನ್ನೊಂದು ಪ್ರಶ್ನೆ. 2024ರ ಮಾರ್ಚ್‌ನಲ್ಲಿ ರಾಜ್ಯದ ಆರೋಗ್ಯ ಇಲಾಖೆ ಪರೀಕ್ಷಿಸಿದ 171 ಮಾದರಿಗಳಲ್ಲಿ 107ರಲ್ಲಿ ಕೃತಕ ಬಣ್ಣ ಸಿಕ್ಕು, ಗೋಬಿ ಮಂಚೂರಿಗೆ ಅಂಥ ಬಣ್ಣ ಬಳಸುವುದನ್ನು ಸರ್ಕಾರ ನಿಷೇಧಿಸಿತು. ನೀವು ಬಣ್ಣ ಹಾಕುತ್ತೀರಿ ಎಂದು ನಾವು ಆರೋಪಿಸುತ್ತಿಲ್ಲ. ಕೊಳ್ಳುವ ರೆಡಿಮೇಡ್ ಸಾಸ್‌ಗಳ ಪದಾರ್ಥಗಳ ಪಟ್ಟಿ ಸಮೇತ ಉತ್ತರ ಕೊಡಿ ಎಂದು ಕೇಳುತ್ತಿದ್ದೇವೆ.

ಗಂಟಲಿಗೆ ಸಿಕ್ಕಿಕೊಳ್ಳುವ ವಸ್ತುಗಳನ್ನೂ ಗಮನಿಸಿ. ದುಂಡಗೆ ಬಿಲ್ಲೆಯಾಗಿ ಕತ್ತರಿಸಿದ ಬೇಬಿ ಕಾರ್ನ್, ಇಡೀ ಕಡಲೆಬೀಜ, ಜಾರುವ ಅಣಬೆ, ರೋಲ್‌ಗೆ ಚುಚ್ಚಿದ ಟೂತ್‌ಪಿಕ್ ಮಕ್ಕಳ ತಟ್ಟೆಯಲ್ಲಿ ಇರಬಾರದು. ನೂಡಲ್ಸನ್ನು ಎರಡು ಇಂಚಿಗೆ ಕತ್ತರಿಸಿಕೊಡಿ, ಕ್ಯಾರೆಟ್ ಮೆತ್ತಗೆ ಬೆಂದಿರಲಿ. ಎಲೆಕೋಸನ್ನು ಗರಿಗರಿಯಾಗಿ ಉಳಿಸುವುದು ದೊಡ್ಡವರ ರುಚಿಗೆ ಸರಿ, ಹಲ್ಲು ಪೂರ್ತಿ ಬಾರದ ಮಗುವಿಗೆ ಅಲ್ಲ.

ಹತ್ತು ಅಥವಾ ಹೆಚ್ಚು ಶಾಖೆಗಳಿರುವ ರೆಸ್ಟೋರೆಂಟ್‌ಗಳು ಅಲರ್ಜಿಯ ಮಾಹಿತಿ ತಿಳಿಸಬೇಕೆಂಬ ನಿಯಮ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐದು. ನಿಮ್ಮ ಮೆನುವಿನಲ್ಲಿ ಅದು ಕಾಣುವುದಿಲ್ಲ, ಕೇಳಿದರೆ ಸಪ್ಲೈಯರ್‌ಗೂ ಗೊತ್ತಿಲ್ಲ. ಸೋಯಾ ಸಾಸ್‌ನಲ್ಲಿ ಸಾಮಾನ್ಯವಾಗಿ ಗೋಧಿಯೂ ಇರುತ್ತದೆ, ಕೆಲವು ನೂಡಲ್ಸ್ ಮೊಟ್ಟೆಯದು. ಮೊಟ್ಟೆ ಒಗ್ಗದ ಮಗುವಿನ ತಾಯಿಗೆ "ಇರಲ್ಲ ಅನ್ಸುತ್ತೆ" ಎಂಬ ಉತ್ತರ ಸಾಲದು.

ಚೈನೀಸ್ ಊಟವೇ ಮಕ್ಕಳಿಗೆ ಆಗಿಬರುವುದಿಲ್ಲ ಎಂದು ನಾವು ನಂಬಿಲ್ಲ, ಅದಕ್ಕೇ ಇಷ್ಟು ಬರೆಯುತ್ತಿದ್ದೇವೆ. ದಕ್ಷಿಣ ಚೀನಾದ ಕ್ಯಾಂಟನೀಸ್ ಅಡುಗೆಯಲ್ಲಿ ಖಾರ ತೀರಾ ಕಡಿಮೆ. ಅಲ್ಲಿ ಮಕ್ಕಳಿಗೆ ಕೊಡುವುದು ನಮ್ಮ ಗಂಜಿಯಂಥದೇ ಅಕ್ಕಿ ಗಂಜಿ ಮತ್ತು ಹಬೆಯಲ್ಲಿ ಬೇಯಿಸಿದ ಮೊಟ್ಟೆ. ಒಂದು ಮೊಟ್ಟೆಗೆ ಅದರ ಎರಡರಷ್ಟು ಬೆಚ್ಚಗಿನ ನೀರು ಕಲಸಿ, ಸೋಸಿ, ತಟ್ಟೆ ಮುಚ್ಚಿ, ಸಣ್ಣ ಉರಿಯ ಹಬೆಯಲ್ಲಿ ಸುಮಾರು ಹತ್ತು ನಿಮಿಷ ಇಟ್ಟರೆ ಗಿಣ್ಣಿನ ಹಾಗೆ ಕೂರುತ್ತದೆ. ಉರಿ ಜೋರಾದರೆ ತೂತುತೂತಾಗುತ್ತದೆ, ಅಷ್ಟೇ ಎಚ್ಚರ. ಮೋಮೊಗೆ ಹಬೆ ಪಾತ್ರೆ ನಿಮ್ಮಲ್ಲಿ ದಿನವಿಡೀ ಉರಿಯುತ್ತಲೇ ಇರುತ್ತದೆ. ಮೊಟ್ಟೆ ತಿನ್ನದವರ ಮನೆಯ ಮಕ್ಕಳಿಗೆ ಮೆತ್ತಗಿನ ಅನ್ನ, ತೋಫು, ಬೆಳ್ಳುಳ್ಳಿಯಷ್ಟೇ ಹಾಕಿ ಬೇಯಿಸಿದ ತರಕಾರಿ ಸಾಕು. ಅರ್ಧ ಪ್ಲೇಟಿಗೆ ಅರ್ಧ ದರ ಇಡಿ. ದೊಡ್ಡವರ ಸ್ಟಾರ್ಟರ್‌ಗೂ ಮೊದಲು ಮಗುವಿನದನ್ನು ತಂದುಕೊಡಿ.

ಖಾರದಿಂದಾಗಿ ವಾಪಸಾದ ತಟ್ಟೆಗಳ ಹಣವನ್ನು ಲಗತ್ತಿಸಿದ ಬಿಲ್ಲುಗಳ ಪ್ರಕಾರ ಹಿಂದಿರುಗಿಸಬೇಕು, ಕಿಡ್ಸ್ ಪುಟವನ್ನು ಬದಲಿಸುವವರೆಗೆ ತೆಗೆದುಹಾಕಬೇಕು. ಹದಿನೈದು ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ಈ ದೂರನ್ನು ದಾಖಲಿಸುತ್ತೇವೆ, ಆಹಾರ ಸುರಕ್ಷತಾ ಅಧಿಕಾರಿಗಳಿಗೂ ಪ್ರತಿ ಕಳಿಸುತ್ತೇವೆ.

ಇತಿ,
ಚಿಕ್ಕ ಮಕ್ಕಳೊಂದಿಗೆ ನಿಮ್ಮಲ್ಲಿಗೆ ಊಟಕ್ಕೆ ಬರುವ ಪೋಷಕರು

ಲಗತ್ತು: ಬಿಲ್ಲುಗಳು, ಕೆಒಟಿ ಪ್ರತಿಗಳು, ತಟ್ಟೆಗಳ ಫೋಟೋಗಳು