ಹಾನ್ವೂ ಅಂತ ದುಡ್ಡು ತೆಗೆದುಕೊಂಡು ಅಮೆರಿಕದ ಬೀಫ್ ಬಡಿಸಿದ ಬಗ್ಗೆ

ಗೆ,
ವ್ಯವಸ್ಥಾಪಕರು, ಗ್ರಾಹಕ ಸೇವೆ,
ವಿದೇಶ ಪ್ರವಾಸ ವಿಭಾಗ, ಬೆಂಗಳೂರು ಕಚೇರಿ

ವಿಷಯ: ಸುವಾನ್ ನಗರದ ಬಾರ್ಬೆಕ್ಯೂ ಊಟಕ್ಕೆ ಕಟ್ಟಿದ ಹೆಚ್ಚುವರಿ ಹಣ ವಾಪಸ್ ಕೋರಿ

ಮಾನ್ಯರೇ,

ನಿಮ್ಮ ದಕ್ಷಿಣ ಕೊರಿಯಾ ಪ್ರವಾಸಕ್ಕೆ ನಾನು ಮತ್ತು ನನ್ನ ಹೆಂಡತಿ ಬಂದಿದ್ದೆವು. ವೀಸಾ, ಹೋಟೆಲು, ಬಸ್ಸು ಎಲ್ಲವೂ ಚೆನ್ನಾಗಿತ್ತು. ನನ್ನ ತಕರಾರು ಒಂದು ಊಟದ ಬಗ್ಗೆ ಮಾತ್ರ.

ಮಧ್ಯಾಹ್ನ ಹ್ವಾಸಾಂಗ್ ಕೋಟೆ, ರಾತ್ರಿ 'ಸಾಂಪ್ರದಾಯಿಕ ಹಾನ್ವೂ ಗಾಲ್ಬಿ ಊಟ, ಕೆಂಡದ ಮೇಲೆ, ಪ್ರತಿಯೊಬ್ಬರಿಗೂ ಒಂದು ಪೂರ್ತಿ ಪಾಲು' ಎಂದು ನಿಮ್ಮ ಕಾರ್ಯಕ್ರಮ ಪಟ್ಟಿಯಲ್ಲಿ ಬರೆದಿತ್ತು. ಹಾನ್ವೂ ಅಂದರೆ ಕೊರಿಯಾದ ಸ್ವಂತ ತಳಿಯ ದನದ ಬೀಫ್, ಗಾಲ್ಬಿ ಅಂದರೆ ಸುಟ್ಟ ಪಕ್ಕೆಲುಬಿನ ಮಾಂಸ. ಈ ಊಟಕ್ಕೆ ಪ್ಯಾಕೇಜ್ ದರದ ಮೇಲೆ ತಲಾ 8,500 ರೂಪಾಯಿ ಪ್ರತ್ಯೇಕವಾಗಿ ತೆಗೆದುಕೊಂಡಿರಿ. ನಾವು ಮಂಗಳೂರಿನವರು, ಬೀಫ್ ನಮಗೆ ಹೊಸದಲ್ಲ. ಹೊಸ ರುಚಿ ಅಂತಲೇ ಒಪ್ಪಿಕೊಂಡೆವು. ಸುವಾನ್ ಅಂದರೆ ಹಿಂದಿನ ಕಾಲದ ದೊಡ್ಡ ದನದ ಸಂತೆಯ ಊರು. ಅಲ್ಲಿನ ದೊಡ್ಡ ಪಕ್ಕೆಲುಬಿನ ಗಾಲ್ಬಿಗೆ ಕೊರಿಯಾದಲ್ಲೆಲ್ಲ ಹೆಸರಿದೆ. ಸೋಯಾ ಸಾಸ್ ಬದಲು ಉಪ್ಪು ಹಾಕಿ ಹದ ಮಾಡುತ್ತಾರೆ, ಹಾಗಾಗಿ ಮಾಂಸದ ರುಚಿ ಮುಚ್ಚಿಹೋಗುವುದಿಲ್ಲ. ಯಾವ ದನದ ಮಾಂಸ ಎಂಬುದು ಇಲ್ಲಿ ಇನ್ನೂ ಮುಖ್ಯವಾಗುವುದು ಅದಕ್ಕೇ.

ರೆಸ್ಟೋರೆಂಟಿನ ಗೋಡೆಯ ಮೇಲೆ ದೊಡ್ಡ ಫಲಕವಿತ್ತು. ಬೀಫ್ ಯಾವ ದೇಶದ್ದು ಎಂದು ಅಲ್ಲಿನ ಹೋಟೆಲುಗಳು ಬರೆದು ಹಾಕಲೇಬೇಕು, ಕಾನೂನೇ ಇದೆ. ಫೋನಿನ ಕ್ಯಾಮೆರಾ ಹಿಡಿದು ಓದಿದೆ. ಹಾನ್ವೂ ಗಾಲ್ಬಿ ಒಂದು ಸಾಲಿನಲ್ಲಿ, ಅಮೆರಿಕದ ಗಾಲ್ಬಿ ಅದರ ಕೆಳಗೆ. ಎರಡನೆಯದರ ಬೆಲೆ ಹೆಚ್ಚುಕಡಿಮೆ ಅರ್ಧ. ನಮ್ಮ ಗುಂಪಿನ ಹೆಸರಿನಲ್ಲಿ ಮೊದಲೇ ಆರ್ಡರ್ ಆಗಿದ್ದದ್ದು ಎರಡನೆಯದು. ಬಿಲ್ಲಿನಲ್ಲೂ ಅದೇ ಇದೆ, ಫೋಟೋ ಕಳಿಸಿದ್ದೇನೆ.

ಇನ್ನೊಂದು ವಿಷಯ. ಕೊರಿಯಾದ ಸ್ವಂತ ತಳಿಯ ದನಕ್ಕೆ ಮಾತ್ರ ಹಾನ್ವೂ ಎನ್ನುತ್ತಾರೆ. ಅಲ್ಲೇ ಸಾಕಿದ ಹೋಲ್‌ಸ್ಟೀನ್ ದನದ ಮಾಂಸವನ್ನೂ ಆ ಹೆಸರಲ್ಲಿ ಮಾರುವ ಹಾಗಿಲ್ಲ. ಮಾಂಸಕ್ಕೆ 1++ ಇಂದ 3ರವರೆಗೆ ಐದು ದರ್ಜೆ. ಪ್ರತಿ ಹಸುವಿಗೂ 12 ಅಂಕಿಯ ಗುರುತಿನ ಸಂಖ್ಯೆ ಇರುತ್ತದೆ. ಅದನ್ನು ಹಾಕಿ ನೋಡಿದರೆ ಹಸು ಎಲ್ಲಿ ಹುಟ್ಟಿತು, ಎಲ್ಲಿ ಕಡಿದರು ಎಂಬುದೂ ಸಿಗುತ್ತದೆ. ಇಷ್ಟು ಬಿಗಿ ವ್ಯವಸ್ಥೆ ಇರುವ ದೇಶದಲ್ಲಿ 'ಗೊತ್ತಾಗದೆ ಗೊಂದಲವಾಯಿತು' ಅನ್ನುವ ಸಬೂಬು ನಡೆಯುವುದಿಲ್ಲ. ಇದನ್ನೇ ನಿಮ್ಮ ಟೂರ್ ಮ್ಯಾನೇಜರ್ ಹತ್ತಿರ ಕೇಳಿದ್ದಕ್ಕೆ, "ಎಲ್ಲ ಬೀಫೂ ಒಂದೇ ಅಲ್ವಾ ಸಾರ್, ತಿನ್ನಿ" ಎಂದರು. ಒಂದೇ ಆಗಿದ್ದರೆ ನೀವು ಎರಡರಷ್ಟು ದುಡ್ಡು ಯಾಕೆ ತೆಗೆದುಕೊಂಡಿರಿ? ಅಗ್ಗದ ಬೂತಾಯಿ ಮೀನು ಬಡಿಸಿ ದುಬಾರಿ ಅಂಜಲ್‌ಗೆ ಬಿಲ್ ಮಾಡಿದ ಹಾಗಾಯಿತು ಇದು. ಬೂತಾಯಿ ನಮಗೂ ಇಷ್ಟವೇ. ಬಿಲ್ಲು ಬೂತಾಯಿಯದ್ದೇ ಇರಬೇಕು, ಅಷ್ಟೆ.

ಪಾಲಿನ ಲೆಕ್ಕವೂ ತಪ್ಪಿದೆ. ಫಲಕದ ಪ್ರಕಾರ ಒಂದು ಪಾಲೆಂದರೆ ಎಲುಬು ಸೇರಿ 450 ಗ್ರಾಂ. ನಾಲ್ವರು ಕೂತ ನಮ್ಮ ಮೇಜಿಗೆ ಬಂದದ್ದು ಎರಡೇ ಪಾಲು. ಎಲುಬು ತೆಗೆದರೆ ಒಬ್ಬೊಬ್ಬರಿಗೆ ಎಷ್ಟು ಉಳಿಯುತ್ತದೆ ನೀವೇ ಹೇಳಿ. ಜೊತೆಗೆ, ಬಸ್ಸಿಗೆ ತಡವಾಗುತ್ತದೆ ಎಂದು ನಿಮ್ಮವರು ಅವಸರ ಮಾಡಿದ್ದರಿಂದ ಮಾಂಸವನ್ನು ಅಡುಗೆಮನೆಯಲ್ಲೇ ಸುಟ್ಟು ತಂದರು. ಮೇಜಿನ ನಡುವಿನ ಕೆಂಡದ ಗುಂಡಿ ಖಾಲಿಯೇ ಉಳಿಯಿತು. ಪಕ್ಕದ ಮೇಜಿನ ಕೊರಿಯನ್ ಕುಟುಂಬಕ್ಕೆ ಕೆಂಡ ಬಂತು, ಕತ್ತರಿಯಲ್ಲಿ ಮಾಂಸ ಕತ್ತರಿಸಿಕೊಟ್ಟರು, ಜಾಲರಿ ಕಪ್ಪಾದ ಕೂಡಲೇ ಬದಲಾಯಿಸಿದರು. ಬಿಸಿಬಿಸಿ ತುಂಡನ್ನು ಲೆಟಿಸ್ ಎಲೆಯಲ್ಲಿಟ್ಟು, ಬೆಳ್ಳುಳ್ಳಿ, ಸಾಮ್‌ಜಾಂಗ್ ಎಂಬ ಖಾರದ ಸೋಯಾ ಚಟ್ನಿ ಹಚ್ಚಿ, ಮಡಚಿ ಒಂದೇ ತುತ್ತಿಗೆ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ನಾವು ಆರಿದ ಮಾಂಸ ಅಗಿಯುತ್ತಾ ಅವರನ್ನೇ ನೋಡುತ್ತಾ ಕೂತಿದ್ದೆವು. ದುಡ್ಡು ಕೊಟ್ಟಿದ್ದು ಆ ಊಟಕ್ಕೆ.

ರೆಸ್ಟೋರೆಂಟಿನವರ ಮೇಲೆ ನನ್ನ ದೂರಿಲ್ಲ. ಅವರು ಫಲಕದಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದರು, ಆರ್ಡರ್ ಆದದ್ದನ್ನೇ ಕೊಟ್ಟರು. ಕಿಮ್ಚಿ, ಮೂಲಂಗಿ, ಸೊಪ್ಪಿನ ಪಲ್ಯ ಮುಗಿದ ಹಾಗೆ ನಗುತ್ತಲೇ ಮತ್ತೆ ತಂದಿಟ್ಟರು, ಅದಕ್ಕೆ ಬೇರೆ ಹಣವನ್ನೂ ಕೇಳಲಿಲ್ಲ. ಕಾಗದದಲ್ಲಿ ಹಾನ್ವೂ ಅಂತ ಬರೆದು ಬೇರೆಯದನ್ನು ಆರ್ಡರ್ ಮಾಡಿದವರು ನೀವು.

ಟಿಪ್ಸ್ ವಿಚಾರ ಬೇರೆ. ಊಟ ಮುಗಿದ ಮೇಲೆ 'ಹೋಟೆಲಿನವರಿಗೆ' ಎಂದು ನಿಮ್ಮ ಮ್ಯಾನೇಜರ್ ತಲಾ 5,000 ವಾನ್ ಎತ್ತಿದರು. ಕೊರಿಯಾದ ಹೋಟೆಲುಗಳಲ್ಲಿ ಟಿಪ್ಸ್ ಕೊಡುವ ಪದ್ಧತಿಯೇ ಇಲ್ಲ. ತೆರಿಗೆ, ಸೇವಾ ಶುಲ್ಕ ಎಲ್ಲ ಸೇರಿದ ಬೆಲೆಯನ್ನೇ ಪಟ್ಟಿಯಲ್ಲಿ ಹಾಕಬೇಕೆಂಬ ನಿಯಮ 2013ರಿಂದಲೇ ಇದೆ. ಆ ಹಣ ಯಾರ ಜೇಬಿಗೆ ಹೋಯಿತು ಎಂಬುದನ್ನು ನೀವೇ ವಿಚಾರಿಸಿ ನನಗೆ ತಿಳಿಸಬೇಕು.

ಮೊದಲ ಇಮೇಲಿಗೆ ನೀವು ಮುಂದಿನ ಪ್ರವಾಸಕ್ಕೆ ರಿಯಾಯಿತಿ ಕೂಪನ್ ಕಳಿಸಿದಿರಿ. ಕೂಪನ್ ಬೇಡ. ಇಬ್ಬರ ಹೆಚ್ಚುವರಿ ಹಣ 17,000 ರೂಪಾಯಿ ಮತ್ತು ಟಿಪ್ಸ್ ಅಂತ ಎತ್ತಿದ 10,000 ವಾನ್ ನನ್ನ ಬ್ಯಾಂಕ್ ಖಾತೆಗೆ ವಾಪಸ್ ಬರಬೇಕು. ಅದೇ ಕಾರ್ಯಕ್ರಮ ಪಟ್ಟಿ ಇನ್ನೂ ನಿಮ್ಮ ಜಾಹೀರಾತಿನಲ್ಲಿದೆ. ಮುಂದಿನ ಗುಂಪು ಹೊರಡುವ ಮೊದಲು 'ಹಾನ್ವೂ' ಎಂಬುದನ್ನು ತೆಗೆಯಿರಿ, ಇಲ್ಲವೇ ನಿಜಕ್ಕೂ ಹಾನ್ವೂ ಬಡಿಸಿ.

ಈ ಪತ್ರ ತಲುಪಿದ 15 ದಿನದೊಳಗೆ ಉತ್ತರ ಬಾರದಿದ್ದರೆ 1915 ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸುತ್ತೇನೆ. ಅಲ್ಲೂ ಆಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಇಷ್ಟು ಮೊತ್ತದ ದೂರಿಗೆ ಅಲ್ಲಿ ಶುಲ್ಕವೂ ಇಲ್ಲ.

ಇಂತಿ,
ನಿಮ್ಮ ಪ್ರವಾಸಿ,
ಮಂಗಳೂರು

ಲಗತ್ತು: ಕಾರ್ಯಕ್ರಮ ಪಟ್ಟಿ, ಹೆಚ್ಚುವರಿ ಹಣದ ರಸೀದಿ, ಗೋಡೆ ಫಲಕ ಮತ್ತು ಬಿಲ್ಲಿನ ಫೋಟೋ