ಫೋಲ್ಡರ್ ಕಾಪಿ ಮಾಡಿದರೆ ಪ್ರೋಗ್ರಾಂ ಬರುವುದಿಲ್ಲ

ಮಾನ್ಯರೇ,

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ ಡಿಟಿಪಿ ಅಂಗಡಿ, ಆಡಿಟರ್ ಕಚೇರಿ, ಸಹಕಾರ ಸಂಘಗಳು ಕಂಪ್ಯೂಟರ್ ಬದಲಿಸುತ್ತಿವೆ. ಹಳೆಯದರ ‘ಪ್ರೋಗ್ರಾಂ ಫೈಲ್ಸ್’ ಫೋಲ್ಡರನ್ನು ಪೆನ್‌ಡ್ರೈವಿಗೆ ತುಂಬಿ ಹೊಸದಕ್ಕೆ ಸುರಿದು, ಹಳೆಯದನ್ನು ಅಂದೇ ಎಕ್ಸ್‌ಚೇಂಜಿಗೆ ಕೊಟ್ಟುಬಿಡುವವರು ಬಹಳ. ಮರುದಿನ ಐಕಾನ್ ಒತ್ತಿದರೆ ‘ಡಿಎಲ್‌ಎಲ್ (ಪ್ರೋಗ್ರಾಂ ಓಡಲು ಬೇಕಾದ ಸಹಾಯಕ ಕಡತ) ಸಿಗುತ್ತಿಲ್ಲ’ ಎಂಬ ಸಂದೇಶ.

ಪ್ರೋಗ್ರಾಂ ಇನ್‌ಸ್ಟಾಲ್ ಆಗುವಾಗ ವಿಂಡೋಸ್‌ನ ದಾಖಲೆ ಪುಸ್ತಕವಾದ ರಿಜಿಸ್ಟ್ರಿಯಲ್ಲಿ ತನ್ನ ವಿವರ ಬರೆದುಕೊಳ್ಳುತ್ತದೆ, ಸಿಸ್ಟಂ ಫೋಲ್ಡರಿನಲ್ಲಿ ಕೆಲವು ಕಡತ ಇಡುತ್ತದೆ, ಬಳಕೆದಾರರ ಸೆಟ್ಟಿಂಗ್‌ಗಳನ್ನು ಕಣ್ಣಿಗೆ ಕಾಣದ ‘ಆ್ಯಪ್‌ಡೇಟಾ’ದಲ್ಲಿ ಬಚ್ಚಿಡುತ್ತದೆ. ಫೋಲ್ಡರೊಂದನ್ನೇ ತಂದರೆ ಬುಡ ಬಿಟ್ಟು ಕೊಂಬೆ ತಂದಂತೆ. ಆದ್ದರಿಂದ ಪ್ರೋಗ್ರಾಮನ್ನು ಹೊಸದಾಗಿ ಇನ್‌ಸ್ಟಾಲ್ ಮಾಡಬೇಕು. ಕಾಪಿ ಮಾಡಬೇಕಾದದ್ದು ದತ್ತಾಂಶ, ಫಾಂಟ್, ಸೆಟ್ಟಿಂಗ್ ಮಾತ್ರ. ವಿಂಡೋಸ್‌ನ ಸ್ವಂತ ಬ್ಯಾಕಪ್ ಸೌಲಭ್ಯವೂ ಹೊರಗಿನಿಂದ ಹಾಕಿದ ಪ್ರೋಗ್ರಾಮುಗಳನ್ನು ಹೊತ್ತು ತರುವುದಿಲ್ಲ. ಪಿಸಿಮೂವರ್‌ನಂಥ ಹಣ ಕೊಟ್ಟು ಕೊಳ್ಳುವ ತಂತ್ರಾಂಶಗಳು ತರುತ್ತವೆ, ಜೊತೆಗೆ ಹಳೆಯ ಕಸವನ್ನೂ ತರುತ್ತವೆ.

ಮೊದಲ ಕೆಲಸ, ಹಳೆಯ ಯಂತ್ರದ ಕಂಟ್ರೋಲ್ ಪ್ಯಾನೆಲ್‌ನಲ್ಲಿ ‘ಪ್ರೋಗ್ರಾಮ್ಸ್ ಆ್ಯಂಡ್ ಫೀಚರ್ಸ್’ ತೆರೆದು ಪೂರ್ತಿ ಪಟ್ಟಿಯ ಫೋಟೊ ತೆಗೆದುಕೊಳ್ಳುವುದು. ಪ್ರತಿಯೊಂದಕ್ಕೂ ಇನ್‌ಸ್ಟಾಲರ್ ಇದೆಯೇ, ಲೈಸೆನ್ಸ್ ಕೀ ಎಲ್ಲಿದೆ ಎಂದು ಗುರುತು ಹಾಕಿ. ಎರಡನೆಯದು ಲೈಸೆನ್ಸ್. ಲೆಕ್ಕಪತ್ರದ ತಂತ್ರಾಂಶ ಟ್ಯಾಲಿಯಲ್ಲಿ ಹಳೆಯ ಯಂತ್ರದಿಂದಲೇ ಲೈಸೆನ್ಸ್ ‘ಸರೆಂಡರ್’ ಮಾಡಿ, ಆಮೇಲೆ ಹೊಸದರಲ್ಲಿ ಆ್ಯಕ್ಟಿವೇಟ್ ಮಾಡಬೇಕು. ಲೆಕ್ಕದ ಡೇಟಾ ಫೋಲ್ಡರಿನ ಒಂದು ಪ್ರತಿಯನ್ನು ಮುಟ್ಟದೆ ಬೇರೆ ಡ್ರೈವಿನಲ್ಲಿಡಿ. ಹೊಸ ಆವೃತ್ತಿಗೆ ಬದಲಾದ ದತ್ತಾಂಶ ಹಳೆಯ ಆವೃತ್ತಿಯಲ್ಲಿ ತೆರೆಯದೇ ಹೋಗಬಹುದು. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್‌ನಿಂದ ಕಾಪಿ ಮಾಡುವಂಥದ್ದು ಏನೂ ಇಲ್ಲ, ಅದರ ಡ್ರೈವರ್ ಹಾಕಿದರೆ ಸಾಕು.

ಹೆಚ್ಚು ಪೇಚಾಟ ಕನ್ನಡ ಕೆಲಸದಲ್ಲಿ. ಕನ್ನಡ ಟೈಪಿಂಗ್ ತಂತ್ರಾಂಶ ‘ನುಡಿ’ಯ ಹಳೆಯ ಆಸ್ಕಿ (ಲ್ಯಾಟಿನ್ ಅಕ್ಷರಗಳ ಜಾಗದಲ್ಲಿ ಕನ್ನಡದ ರೂಪ ಕೂರಿಸಿದ) ಫಾಂಟುಗಳಲ್ಲಿ ಮಾಡಿದ ಕಡತ ಹೊಸ ಯಂತ್ರದಲ್ಲಿ ಲ್ಯಾಟಿನ್ ಅಕ್ಷರಗಳ ಕಲಸುಮೇಲೋಗರವಾಗಿ ಕಂಡರೆ ಕಡತ ಕೆಟ್ಟಿತೆಂದು ಗಾಬರಿಯಾಗಬೇಡಿ, ಫಾಂಟ್ ಇಲ್ಲ ಅಷ್ಟೆ. ಹಳೆಯ ಯಂತ್ರದಿಂದ ಅದೇ ಹೆಸರಿನ ಫಾಂಟ್ ತನ್ನಿ. ಆದರೆ ಅದರ ಮೇಲೆ ಡಬಲ್ ಕ್ಲಿಕ್ ಮಾಡಿ ಹಾಕಿದರೆ ಈಗಿನ ವಿಂಡೋಸ್ ಅದನ್ನು ಆ ಒಬ್ಬ ಬಳಕೆದಾರನ ಫೋಲ್ಡರಿನಲ್ಲಿಡುತ್ತದೆ. ಕೆಲವು ಹಳೆಯ ತಂತ್ರಾಂಶಗಳಿಗೆ ಅದು ಕಾಣುವುದೇ ಇಲ್ಲ. ರೈಟ್ ಕ್ಲಿಕ್ ಮಾಡಿ ‘ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್’ ಆರಿಸಬೇಕು.

ಫಾಂಟ್ ಸರಿಯಿದ್ದೂ ಟೈಪ್ ಮಾಡಿದಾಗ ಅರ್ಥವಿಲ್ಲದ ಅಕ್ಷರದ ತುಣುಕು ಬೀಳುವುದಕ್ಕೆ ಇನ್ನೊಂದು ಕಾರಣವುಂಟು. ಪುಟವಿನ್ಯಾಸದ ತಂತ್ರಾಂಶ ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ. ಅದು ಸುಲಭವಾಗಿ ಓಡಲೆಂದು ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಎಂದು ತೆರೆಯುವವರು, ಒತ್ತಿದ ಕೀಲಿಗಳನ್ನು ಹಿಡಿದು ಕನ್ನಡ ಮಾಡುವ ನುಡಿಯನ್ನು ಮಾತ್ರ ಮಾಮೂಲಾಗಿ ತೆರೆಯುತ್ತಾರೆ. ಕಡಿಮೆ ಅಧಿಕಾರದ ಪ್ರೋಗ್ರಾಮಿಗೆ ಹೆಚ್ಚಿನ ಅಧಿಕಾರದ ಕಿಟಕಿಯಲ್ಲಿ ಒತ್ತಿದ ಕೀಲಿಗಳನ್ನು ಹಿಡಿಯಲು ವಿಂಡೋಸ್ ಬಿಡುವುದಿಲ್ಲ. ಎರಡನ್ನೂ ಒಂದೇ ರೀತಿ ತೆರೆಯಿರಿ, ಸರಿಹೋಗುತ್ತದೆ.

ಸಂಘಗಳಲ್ಲಿ ಇನ್ನೂ ಉಸಿರಾಡುತ್ತಿರುವ ಡಾಸ್ (ವಿಂಡೋಸ್‌ಗಿಂತ ಹಿಂದಿನ ಕಾರ್ಯಾಚರಣಾ ವ್ಯವಸ್ಥೆ) ಕಾಲದ, ಫಾಕ್ಸ್‌ಪ್ರೊ ಎಂಬ ದತ್ತಾಂಶ ತಂತ್ರಾಂಶದಲ್ಲಿ ಮಾಡಿದ ಲೆಕ್ಕಕ್ಕೆ ಬೇರೆ ದಾರಿ ಬೇಕು. ವಿಂಡೋಸ್ 11 ಬರುವುದು 64 ಬಿಟ್‌ನಲ್ಲಿ ಮಾತ್ರ, ಅದರಲ್ಲಿ ಡಾಸ್ ಪ್ರೋಗ್ರಾಂ ನೇರವಾಗಿ ಓಡದು. ಹಳೆಯ ಡಾಸ್ ಯಂತ್ರವನ್ನು ಅನುಕರಿಸುವ ಡಾಸ್‌ಬಾಕ್ಸ್‌ನಲ್ಲಿ ಪರದೆ ಮೇಲೆ ಚೆನ್ನಾಗಿಯೇ ಬರುತ್ತದೆ, ಆದರೆ ಮೂಲ ಡಾಸ್‌ಬಾಕ್ಸ್‌ನಲ್ಲಿ ಮುದ್ರಣದ ಸೌಲಭ್ಯವಿಲ್ಲ. ಡಾಟ್ ಮ್ಯಾಟ್ರಿಕ್ಸ್‌ನಲ್ಲಿ ರಸೀದಿ ಬರದಿದ್ದರೆ ಸಂಘಕ್ಕೆ ಅದರಿಂದ ಏನು ಪ್ರಯೋಜನ? ಪ್ಯಾರಲಲ್ ಪೋರ್ಟಿಗೆ (ಹಳೆಯ ಪ್ರಿಂಟರ್ ಸಿಕ್ಕಿಸುವ ಜಾಗ) ಸಿಕ್ಕಿಸುವ ಲಾಕ್ ಇದ್ದರಷ್ಟೇ ಓಡುವ ತಂತ್ರಾಂಶವಾದರೆ ಹೊಸ ಯಂತ್ರದ ಹಿಂಭಾಗ ನೋಡಿಯೇ ಕೊಳ್ಳಿ. ಆ ಪೋರ್ಟ್ ಈಗ ಸಿಗುವುದು ಅಪರೂಪ; ಯುಎಸ್‌ಬಿ ಪರಿವರ್ತಕಗಳು ಸಾಮಾನ್ಯವಾಗಿ ಪ್ರಿಂಟರಿಗೆ ಒದಗುತ್ತವೆ, ಲಾಕಿಗಲ್ಲ.

ಹಳೆಯ ಡಿಸ್ಕನ್ನು ಬಿಚ್ಚಿ ಕೇಬಲ್‌ನಲ್ಲಿ ಸಿಕ್ಕಿಸಿ ಓದಿಕೊಂಡರಾಯಿತು ಎಂದುಕೊಳ್ಳುವವರು ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಇದೆಯೇ ಎಂದು ಮೊದಲೇ ನೋಡಬೇಕು. ಅದರ 48 ಅಂಕಿಯ ರಿಕವರಿ ಕೀ ಇಲ್ಲದಿದ್ದರೆ ಆ ಡಿಸ್ಕ್ ತೆರೆಯುವುದಿಲ್ಲ.

ಜಿಎಸ್‌ಟಿ ರಿಟರ್ನ್ ಸಲ್ಲಿಸುವ 11, 20ನೇ ತಾರೀಕುಗಳ ಆಸುಪಾಸಿನಲ್ಲಿ, ಮಾರ್ಚ್ ಕೊನೆಯಲ್ಲಂತೂ, ಈ ಕೆಲಸಕ್ಕೆ ಕೈಹಾಕಬೇಡಿ. ಎಕ್ಸ್‌ಚೇಂಜ್ ವ್ಯಾಪಾರಿಗಳಲ್ಲಿ ಒಂದು ಮನವಿ: ಹಳೆಯ ಯಂತ್ರವನ್ನು ಗ್ರಾಹಕರ ಬಳಿಯೇ ಒಂದು ತಿಂಗಳು ಬಿಟ್ಟು, ಒಂದು ಬಿಲ್, ಒಂದು ರಿಟರ್ನ್, ಒಂದು ಕನ್ನಡ ಪುಟ ಹೊಸದರಿಂದ ಮುದ್ರಣವಾದ ಮೇಲಷ್ಟೇ ಒಯ್ಯಿರಿ.

– ಕಂಪ್ಯೂಟರ್ ತಂತ್ರಜ್ಞ, ದಾವಣಗೆರೆ